1969ರಲ್ಲೇ ಚಂದ್ರನ ಮೇಲೆ ಇಳಿದಾಗಿದೆ, ಈಗ ಯಾಕಿಷ್ಟು ಒದ್ದಾಟ?

ಪ್ರಶ್ನೆ: ಐವತ್ತು ವರ್ಷಕ್ಕೂ ಹಿಂದೆಯೇ ಮನುಷ್ಯರು ಚಂದ್ರನ ಮೇಲೆ ಓಡಾಡಿ ಬಂದಿದ್ದಾರೆ. ಆಗ ಈಗಿನಂಥ ಕಂಪ್ಯೂಟರುಗಳೂ ಇರಲಿಲ್ಲ. ಈಗಿನ ಖಾಸಗಿ ಕಂಪನಿಗಳಿಗೆ ಒಂದು ಲ್ಯಾಂಡರ್ (ಚಂದ್ರನ ಮೇಲೆ ಇಳಿಯುವ ನೌಕೆ) ಮಾಡೋಕೆ ಇಷ್ಟು ವರ್ಷ ಯಾಕೆ ಬೇಕು?

ಉತ್ತರ: ಆಗ ಜನರನ್ನು ಇಳಿಸಿದ ಅಪೊಲೊ ಲ್ಯಾಂಡರನ್ನು ಕಟ್ಟಿದ್ದೂ ಗ್ರಮನ್ ಎಂಬ ಖಾಸಗಿ ಕಂಪನಿಯೇ. ಹಾಗಾಗಿ ಖಾಸಗಿಯವರಿಗೆ ಇದು ಆಗಲ್ಲ ಅನ್ನುವ ಮಾತು ಬೇಡ. ಆಗಿನ ಲ್ಯಾಂಡರ್ ನಾಸಾದ ಸ್ವತ್ತಾಗಿತ್ತು. ಈಗ ಜನರನ್ನು ಮತ್ತೆ ಚಂದ್ರನ ಮೇಲೆ ಇಳಿಸಲು ನಾಸಾ ಒಂದು ರೀತಿಯಲ್ಲಿ ಟಿಕೆಟ್ ಕೊಳ್ಳುತ್ತಿದೆ, ಲ್ಯಾಂಡರ್ ಕಂಪನಿಯದೇ. 2021ರಲ್ಲಿ ಸ್ಪೇಸ್‌ಎಕ್ಸ್ ಜೊತೆ 289 ಕೋಟಿ ಡಾಲರ್‌ಗೆ, 2023ರಲ್ಲಿ ಬ್ಲೂ ಒರಿಜಿನ್ ಜೊತೆ 340 ಕೋಟಿ ಡಾಲರ್‌ಗೆ ಒಪ್ಪಂದವಾಯಿತು. ಮೊತ್ತ ಮೊದಲೇ ನಿಗದಿ. ಅದಕ್ಕಿಂತ ಜಾಸ್ತಿ ಖರ್ಚಾದರೆ ಕಂಪನಿಯ ಜೇಬಿನಿಂದ.

ನಿಜವಾದ ತಲೆನೋವು ಇಂಧನ. ಅಪೊಲೊ ಲ್ಯಾಂಡರ್ 7 ಮೀಟರ್ ಎತ್ತರ, ಸುಮಾರು 15 ಟನ್ ತೂಕ. ಇಬ್ಬರು ಇಳಿದು ಎರಡು ಮೂರು ದಿನ ಇದ್ದು ಬರಲಷ್ಟೇ ಸಾಕಾಗುತ್ತಿತ್ತು. ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್ ನೌಕೆಯ ಚಂದ್ರನ ಆವೃತ್ತಿ ಸುಮಾರು 50 ಮೀಟರ್ ಎತ್ತರ. ಭೂಮಿಯ ಕಕ್ಷೆ ತಲುಪುವಷ್ಟರಲ್ಲೇ ಅದರ ಟ್ಯಾಂಕು ಹೆಚ್ಚುಕಮ್ಮಿ ಖಾಲಿ. ಆಮೇಲೆ ಟ್ಯಾಂಕರ್ ನೌಕೆಗಳು ಒಂದರ ಹಿಂದೊಂದು ಹೋಗಿ ಅಲ್ಲೇ ತುಂಬಿಸಬೇಕು.

ಕೇಳೋಕೆ ಪೆಟ್ರೋಲ್ ಬಂಕಿನ ಹಾಗಿದೆ, ಅಲ್ವಾ? ಆದರೆ ಕಕ್ಷೆಯಲ್ಲಿ ಯಾವುದಕ್ಕೂ ತೂಕವಿರುವುದಿಲ್ಲ, ಹಾಗಾಗಿ ದ್ರವ ಟ್ಯಾಂಕಿನ ತಳದಲ್ಲಿ ನಿಲ್ಲುವುದಿಲ್ಲ. ಉಂಡೆಯುಂಡೆಯಾಗಿ ತೇಲುತ್ತದೆ. ಪೈಪಿಗೆ ದ್ರವದ ಬದಲು ಅನಿಲ ನುಗ್ಗಬಹುದು. ಅದಕ್ಕೆ ನೌಕೆಯನ್ನು ಮೆಲ್ಲಗೆ ತಳ್ಳುತ್ತಾ ದ್ರವವನ್ನು ಒಂದು ಕಡೆ ಕೂರಿಸಬೇಕು. ಅದೂ ಎಂಥ ದ್ರವ? ದ್ರವ ಮೀಥೇನ್ ಮೈನಸ್ 162 ಡಿಗ್ರಿಗೆ, ಆಮ್ಲಜನಕ ಮೈನಸ್ 183 ಡಿಗ್ರಿಗೆ ಕುದಿಯುತ್ತವೆ. ಬಿಸಿಲು ತಾಗಿದರೆ ಸುಮ್ನೆ ಆವಿಯಾಗುತ್ತಾ ಹೋಗುತ್ತವೆ. ಟ್ಯಾಂಕರ್ ತಡವಾದಷ್ಟೂ ಮೊದಲು ತುಂಬಿಸಿದ್ದು ಕರಗುತ್ತಿರುತ್ತದೆ. ಬ್ಲೂ ಒರಿಜಿನ್ ಆರಿಸಿಕೊಂಡ ದ್ರವ ಜಲಜನಕಕ್ಕಂತೂ ಮೈನಸ್ 253 ಡಿಗ್ರಿ ಬೇಕು. ನನಗೆ ಕೇಳಿದರೆ, ಇಡೀ ಯೋಜನೆ ನಿಂತಿರುವುದು ಈ ಕೆಲಸದ ಮೇಲೆ. ಚಂದ್ರನ ಮೇಲೆ ಇಳಿಯುವುದು ಆಮೇಲಿನ ಮಾತು.

ಹಾಗಂತ ಇಳಿಯುವುದು ಸುಲಭವಲ್ಲ. ಗಾಳಿಯೇ ಇಲ್ಲದ ಕಡೆ ಪ್ಯಾರಾಶೂಟ್ ಕೆಲಸಕ್ಕೆ ಬಾರದು, ವೇಗವನ್ನೆಲ್ಲ ಎಂಜಿನ್ನೇ ಇಳಿಸಬೇಕು. ಅಪೊಲೊ ಲ್ಯಾಂಡರಿನ ಕಾಲುಗಳ ಹರವು 9 ಮೀಟರ್, ಅಂದರೆ ಎತ್ತರಕ್ಕಿಂತ ಅಗಲವೇ ಜಾಸ್ತಿ. ಉದ್ದನೆಯದು ಇಳಿಜಾರಿನಲ್ಲಿ ವಾಲುತ್ತದೆ. 2024ರ ಫೆಬ್ರವರಿಯಲ್ಲಿ ಒಡಿಸಿಯಸ್, 2025ರ ಮಾರ್ಚ್‌ನಲ್ಲಿ ಅಥೀನಾ, ಎರಡೂ ಜನರಿಲ್ಲದ ಖಾಸಗಿ ಲ್ಯಾಂಡರುಗಳು, ದಕ್ಷಿಣ ಧ್ರುವದ ಕಡೆ ಇಳಿದು ಮಗುಚಿ ಬಿದ್ದವು. ಸ್ಟಾರ್‌ಶಿಪ್‌ನಲ್ಲಿ ಜನರಿರುವ ಭಾಗ ಮೇಲಿರುವುದರಿಂದ ನೆಲಕ್ಕೆ ಬರಲು ಲಿಫ್ಟ್ ಬೇರೆ ಬೇಕು. ಅದು ಕೈಕೊಟ್ಟರೆ?

ದೂಳನ್ನೂ ಮರೆಯುವಂತಿಲ್ಲ. 1969ರಲ್ಲಿ ಅಪೊಲೊ 12 ಇಳಿದದ್ದು ಸರ್ವೇಯರ್ 3 ಎಂಬ ಹಳೆಯ ಲ್ಯಾಂಡರಿನಿಂದ ಸುಮಾರು 160 ಮೀಟರ್ ದೂರದಲ್ಲಿ. ಅಷ್ಟು ದೂರಕ್ಕೂ ಎಂಜಿನ್ ಎಬ್ಬಿಸಿದ ಮರಳು ಬಡಿದು ಅದರ ಮೈ ಉಜ್ಜಿದಂತಾಗಿತ್ತು. ಎಂಜಿನ್ ದೊಡ್ಡದಾದಷ್ಟೂ ಹೊಡೆತ ಜೋರು. ಅದಕ್ಕೇ ಸ್ಟಾರ್‌ಶಿಪ್‌ಗೆ ಕೊನೆಯ ಹಂತದಲ್ಲಿ ಮೈಯ ಮೇಲ್ಭಾಗದ ಎಂಜಿನ್‌ಗಳನ್ನು ಬಳಸುವ ಯೋಚನೆ ಬಂದದ್ದು.

ಇಷ್ಟಾದ ಮೇಲೆ ವಾಪಸ್ ಏಳಬೇಕು. ಅಪೊಲೊದಲ್ಲಿ ಕೆಳಗಿನ ಅರ್ಧ ಅಲ್ಲೇ ಉಳಿಯುತ್ತಿತ್ತು, ಮೇಲಿನ ಪುಟ್ಟ ಭಾಗವಷ್ಟೇ ಹಾರುತ್ತಿತ್ತು. ಅದರ ಎಂಜಿನ್‌ಗೆ ಪಂಪೂ ಇಲ್ಲ, ಕಿಡಿಯೂ ಬೇಡ. ಎರಡು ದ್ರವಗಳು ಒಂದಕ್ಕೊಂದು ಸೋಕಿದರೆ ಸಾಕು, ಹತ್ತಿಕೊಳ್ಳುತ್ತಿತ್ತು. ಅಪೊಲೊ 11ರಲ್ಲಿ ಆ ಎಂಜಿನ್ನಿನ ಸ್ವಿಚ್ಚಿನ ತುದಿ ಮುರಿದಾಗ ಗಗನಯಾತ್ರಿ ಆಲ್ಡ್ರಿನ್ ಸ್ಕೆಚ್ ಪೆನ್ನಿನಿಂದ ಒತ್ತಿ ಕೆಲಸ ನಡೆಸಿದರು. ಸ್ಟಾರ್‌ಶಿಪ್ ಇಡಿಯಾಗಿ ಏಳಬೇಕು, ಅದೂ ದಿನಗಟ್ಟಲೆ ಚಂದ್ರನ ಚಳಿ, ಬಿಸಿಲು ಉಂಡ ಪಂಪು, ವಾಲ್ವುಗಳಿರುವ ಎಂಜಿನ್‌ಗಳಿಂದ. ಅದಕ್ಕೇ ಜನರನ್ನು ಕೂರಿಸುವ ಮೊದಲು ಖಾಲಿ ಲ್ಯಾಂಡರನ್ನು ಒಮ್ಮೆ ಇಳಿಸಿ ತೋರಿಸಿ ಎಂದು ನಾಸಾ ಎರಡೂ ಕಂಪನಿಗಳಿಗೆ ಷರತ್ತು ಹಾಕಿರುವುದು.