ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ: ಬೆಸಿಲಿಕಾ ಎಂದರೆ ಆಕಾರವೋ, ಪದವಿಯೋ?

ಹೋದ ವಾರ ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಸೇಂಟ್ ಮೇರಿಸ್ ಬೆಸಿಲಿಕಾ, ಬೆಂಗಳೂರಿನ ಪ್ರಧಾನಾಲಯ’ ಎಂದು ಬರೆದುಕೊಂಡಿದ್ದೆ. ಅದು ತಪ್ಪು: ಪ್ರಧಾನಾಲಯವೆಂದರೆ ಧರ್ಮಾಧ್ಯಕ್ಷರ (ಬಿಷಪ್) ಪೀಠವಿರುವ ಚರ್ಚ್, ಇದು ಅದಲ್ಲ. ಈ ಒಂದು ಸಾಲನ್ನು ತಿದ್ದಲು ಎರಡು ದಿನ ಹಿಡಿಯಿತು. ನಗರ ಪರಂಪರೆಯನ್ನು ಓದುತ್ತಿರುವ ಬೇರೆಯವರೂ ಇಲ್ಲಿಯೇ ಎಡವಬಹುದು ಅನ್ನಿಸಿ, ಬಿಸಿ ಆರುವ ಮೊದಲೇ ಬರೆದಿಡುತ್ತಿದ್ದೇನೆ.

ಇತಿಹಾಸ, ಚುಟುಕಾಗಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಕ್ರೈಸ್ತರ ನಡುವೆ ಕೆಲಸ ಮಾಡಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ. 19ನೆಯ ಶತಮಾನದ ಆರಂಭದಲ್ಲಿ ಅವರು ಇಲ್ಲಿ ಹುಲ್ಲಿನ ಸೂರಿನ ಒಂದು ಪುಟ್ಟ ಗುಡಿಯನ್ನು ಕಟ್ಟಿಸಿದರು. ಆಗ ಈ ಜಾಗದ ಹೆಸರು ಬ್ಲ್ಯಾಕ್‌ಪಲ್ಲಿ. 1809ರ ಹೊತ್ತಿಗೆ ಬ್ರಿಟಿಷರ ದಂಡು ಬೆಂಗಳೂರಿಗೆ ಬಂದು ನೆಲೆಸಿತು. ದಂಡಿನ ಹಿಂದೆಯೇ ತಮಿಳು ಮಾತನಾಡುವ ಕುಟುಂಬಗಳೂ ಬಂದವು. ಹಾಗಾಗಿ ಇದು ಪೇಟೆಯ ಚರ್ಚ್ ಅಲ್ಲ, ದಂಡು ಪ್ರದೇಶದ ಚರ್ಚ್. ಇಂದಿಗೂ ಇಲ್ಲಿ ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬಲಿಪೂಜೆ (ಕ್ರೈಸ್ತರ ಮುಖ್ಯ ಆರಾಧನೆ) ನಡೆಯುವುದಕ್ಕೆ ಬೇರು ಅಲ್ಲಿದೆ.

ಈಗಿನ ಕಟ್ಟಡ ಪಾದ್ರಿ ಕ್ಲೈನರ್ ಅವರ ಕಾಲದ್ದು, 1875ರಿಂದ 1882ರವರೆಗೆ ಕಟ್ಟಿದ್ದು. ಕ್ಲೈನರ್ ಮುಂದೆ ಮೈಸೂರಿನ ಧರ್ಮಾಧ್ಯಕ್ಷರಾದರು. ಪವಿತ್ರೀಕರಣ ನಡೆದದ್ದು 1882ರ ಸೆಪ್ಟೆಂಬರ್ 8ರಂದು. ಈ ತಾರೀಖನ್ನು ಬಾಯಿಪಾಠ ಮಾಡಬೇಕಿಲ್ಲ: ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಕರಾವಳಿಯ ಇಗರ್ಜಿಗಳಲ್ಲಿ ತೆನೆ ಹಬ್ಬ.

ಕಟ್ಟಡ

ಶೈಲಿ ಗಾಥಿಕ್, ಸರಿಯಾಗಿ ಹೇಳಬೇಕೆಂದರೆ 19ನೆಯ ಶತಮಾನದಲ್ಲಿ ಮತ್ತೆ ಚಿಗುರಿದ ಗಾಥಿಕ್. ಮೂಲ ಗಾಥಿಕ್ ಹುಟ್ಟಿದ್ದು 12ನೆಯ ಶತಮಾನದ ಫ್ರಾನ್ಸಿನಲ್ಲಿ. ಎರಡರ ನಡುವೆ ಏಳು ಶತಮಾನಗಳಿವೆ, ಉತ್ತರ ಬರೆಯುವಾಗ ಬೆರೆಸಬೇಡಿ.

ಗುರುತು ಹಿಡಿಯಲು ಕಮಾನು ಸಾಕು. ಅರ್ಧವೃತ್ತದ ಕಮಾನಿನ ಎತ್ತರ ಯಾವಾಗಲೂ ಅಗಲದ ಅರ್ಧದಷ್ಟು: 12 ಅಡಿ ಅಗಲಕ್ಕೆ 6 ಅಡಿ. ಗಾಥಿಕ್ ಕಮಾನನ್ನು ಎರಡು ಕಂಸಗಳು (ವೃತ್ತದ ತುಂಡುಗಳು) ಸೇರಿ ಮಾಡುತ್ತವೆ. ಕೈವಾರದ ಮುಳ್ಳನ್ನು ಎಡಬುಡದಲ್ಲಿ ಇಟ್ಟು ಬಲಗಡೆಯ ಕಂಸವನ್ನೂ, ಬಲಬುಡದಲ್ಲಿ ಇಟ್ಟು ಎಡಗಡೆಯದನ್ನೂ ಎಳೆಯಿರಿ. ಅದೇ 12 ಅಡಿ ಅಗಲಕ್ಕೆ ತುದಿ ಸುಮಾರು 10.4 ಅಡಿಗೆ ಏರುತ್ತದೆ. ಮುಳ್ಳನ್ನು ಇನ್ನಷ್ಟು ಆಚೆಗೆ ಸರಿಸಿದರೆ ಇನ್ನೂ ಎತ್ತರ. ಅಗಲ ಕಟ್ಟಿಹಾಕದ ಈ ಎತ್ತರವೇ ಗಾಥಿಕ್‌ನ ಜೀವ. ಮುಂಭಾಗದ ಗೋಪುರವನ್ನು ರಸ್ತೆಯ ಆಚೆ ಬದಿಯಿಂದ ಕತ್ತೆತ್ತಿ ನೋಡಿದಾಗ ಈ ಲೆಕ್ಕ ನನಗೆ ಮನವರಿಕೆಯಾಯಿತು.

ಒಳಗಿನ ಕಂಬಗಳನ್ನು ಕೊರಿಂಥಿಯನ್ ಎನ್ನುತ್ತಾರೆ: ಬೋದಿಗೆಯ (ಕಂಬದ ತಲೆಯ) ಸುತ್ತ ಎಲೆಗಳ ಗೊಂಚಲು. ಅದು ಗ್ರೀಕ್-ರೋಮನ್ ಪರಂಪರೆಯದು, ಗಾಥಿಕ್‌ನದಲ್ಲ. ಎರಡೂ ಒಂದೇ ಸೂರಿನಡಿ ಇವೆ, ಹಾಗೆಯೇ ಬರೆದುಕೊಳ್ಳಿ.

ಬೆಸಿಲಿಕಾ: ಎಡವಿದ ಜಾಗ

ವಾಸ್ತುಶಿಲ್ಪದ ಪಾಠದಲ್ಲಿ ಬೆಸಿಲಿಕಾ ಎಂದರೆ ಒಂದು ಆಕಾರ. ಕ್ರೈಸ್ತ ಧರ್ಮಕ್ಕಿಂತ ಮೊದಲೇ ರೋಮನ್ನರು ನ್ಯಾಯ, ವ್ಯಾಪಾರಗಳಿಗಾಗಿ ಕಟ್ಟುತ್ತಿದ್ದ ಉದ್ದನೆಯ ಸಭಾಶಾಲೆ ಅದು. ನಮ್ಮ ಹಳ್ಳಿಮನೆಯ ಮಾತಿನಲ್ಲಿ ಹೇಳುವುದಾದರೆ ಮೂರಂಕಣದ ಮನೆ: ಎರಡು ಸಾಲು ಕಂಬ, ನಡುವೆ ಅಗಲವಾದ ಅಂಕಣ, ಎಡಬಲಕ್ಕೆ ಒಂದೊಂದು ಕಿರಿದಾದ ಅಂಕಣ. ನಡುವಣ ಅಂಕಣದ ಸೂರು ಎತ್ತರ, ಅಲ್ಲಿನ ಮೇಲ್ಕಿಟಕಿಗಳಿಂದ ಬೆಳಕು. ತುದಿಯಲ್ಲಿ ಅರ್ಧಚಂದ್ರದಂತೆ ಬಾಗಿದ ಗೋಡೆ, ಅದರ ಮುಂದೆ ನ್ಯಾಯಾಧೀಶನ ಆಸನ. ನಾಲ್ಕನೆಯ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್‌ನ ಆಶ್ರಯ ದೊರೆತಾಗ ಕ್ರೈಸ್ತರು ಈ ಶಾಲೆಯನ್ನೇ ಮಾದರಿಯಾಗಿ ತೆಗೆದುಕೊಂಡರು. ನ್ಯಾಯಾಧೀಶನ ಜಾಗಕ್ಕೆ ಬಲಿಪೀಠ ಬಂದಿತು.

ಇಷ್ಟು ಓದಿ ಶಿವಾಜಿನಗರಕ್ಕೆ ಹೋದ ನಾನು, ಕಂಬಸಾಲುಗಳನ್ನು ಕಂಡ ಕೂಡಲೇ ‘ಆದ್ದರಿಂದ ಇದು ಬೆಸಿಲಿಕಾ’ ಎಂದು ತೀರ್ಮಾನಿಸಿದೆ. ಆ ‘ಆದ್ದರಿಂದ’ವೇ ತಪ್ಪು. ಈ ಕಟ್ಟಡ 1882ರಿಂದಲೂ ಇದೇ ಆಕಾರದಲ್ಲಿತ್ತು, ಆದರೆ ಬೆಸಿಲಿಕಾ ಆದದ್ದು 1973ರಲ್ಲಿ ಪೋಪ್ ಆರನೆಯ ಪಾಲ್ ಆ ಪದವಿ ಕೊಟ್ಟಾಗ. ಅದರ ಸಮಾರಂಭ 1974ರ ಜನವರಿ 26ರಂದು. ನಮ್ಮ ಅರಸರು ಮಠಗಳಿಗೆ ಶ್ವೇತಛತ್ರ, ಬಿರುದುಬಾವಲಿ ಕೊಡುತ್ತಿದ್ದರಲ್ಲ, ಇದೂ ಹಾಗೆಯೇ. ಹೋಲಿಕೆ ಬರಿಯ ಮಾತಿನದಲ್ಲ: ಬೆಸಿಲಿಕಾ ಪದವಿಯ ಲಾಂಛನಗಳಲ್ಲಿ ಕೆಂಪು-ಹಳದಿ ಪಟ್ಟೆಗಳ ಅರೆತೆರೆದ ರೇಷ್ಮೆ ಕೊಡೆಯೂ ಕೋಲಿಗೆ ಕಟ್ಟಿದ ಗಂಟೆಯೂ ಇವೆ.

ಎರಡು ಅರ್ಥಗಳೂ ಬೇರೆಬೇರೆ ಎನ್ನುವುದಕ್ಕೆ ಹಳೆಯ ಗೋವಾದಷ್ಟು ಒಳ್ಳೆಯ ಪಾಠ ಬೇರೆ ಇಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪಾರ್ಥಿವ ಶರೀರವಿರುವ ಬಾಮ್ ಜೀಸಸ್‌ಗೆ ಬೆಸಿಲಿಕಾ ಪದವಿ ಇದೆ, ಆದರೆ ಒಳಗೆ ಇರುವುದು ಒಂದೇ ಅಂಕಣ. ಅದರ ಎದುರಿಗೇ ಇರುವ ಸೆ ಕೆಥೆಡ್ರಲ್‌ನಲ್ಲಿ ಮೂರು ಅಂಕಣಗಳಿವೆ, ಆದರೆ ಅದು ಪದವಿಯಿಂದ ಬೆಸಿಲಿಕಾ ಅಲ್ಲ. ರಸ್ತೆ ದಾಟಿದರೆ ಅರ್ಥವೇ ತಿರುಗುಮುರುಗಾಗುತ್ತದೆ.

ಇನ್ನು ಪ್ರಧಾನಾಲಯ, ಅಂದರೆ ಕೆಥೆಡ್ರಲ್. ಆ ಪದದ ಮೂಲ ಅರ್ಥ ಆಸನ. ಧರ್ಮಾಧ್ಯಕ್ಷರ ಪೀಠ ಇರುವುದು ಎಲ್ಲಿಯೋ ಅದು ಪ್ರಧಾನಾಲಯ. ಗಾತ್ರ, ವಯಸ್ಸು, ಪ್ರಸಿದ್ಧಿ ಯಾವುದೂ ಲೆಕ್ಕಕ್ಕಿಲ್ಲ. ಬೆಂಗಳೂರು ಮಹಾಧರ್ಮಕ್ಷೇತ್ರದ ಪೀಠವಿರುವುದು ಕ್ಲೀವ್‌ಲ್ಯಾಂಡ್ ಟೌನಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ಪ್ರಧಾನಾಲಯದಲ್ಲಿ. ನನ್ನ ಟಿಪ್ಪಣಿ ತಪ್ಪಿದ್ದು ಇಲ್ಲಿ.

ಈಗ ನಾನು ಯಾವ ಚರ್ಚಿಗೆ ಹೋದರೂ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಪೀಠ ಇದೆಯೇ? ಪದವಿ ಇದೆಯೇ? ಅಂಕಣ ಎಷ್ಟು? ಮೂರಕ್ಕೂ ಉತ್ತರ ಬೇರೆಬೇರೆ ಬರಬಹುದು. ಮೈಸೂರಿನ ಸಂತ ಫಿಲೋಮಿನಾಕ್ಕೆ ಪೀಠ ಇದೆ, ಬೆಸಿಲಿಕಾ ಪದವಿ ಇಲ್ಲ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸ್‌ಗೆ 2016ರಲ್ಲಿ ಪದವಿ ಬಂದಿತು, ಪೀಠ ಇಲ್ಲ. ರೋಮಿನ ಲ್ಯಾಟೆರನ್ ಬೆಸಿಲಿಕಾಕ್ಕೆ ಎರಡೂ ಇವೆ. ಪೋಪರ ಪ್ರಧಾನಾಲಯ ಅದೇ, ಎಲ್ಲರೂ ಅಂದುಕೊಂಡಂತೆ ಸಂತ ಪೀಟರ್ ಅಲ್ಲ.

ಅಂಗಳ

ಬೆಸಿಲಿಕಾವನ್ನು ಅದರ ಅಂಗಳದಿಂದ ಬಿಡಿಸಿ ಓದಲಾಗದು. ರಸೆಲ್ ಮಾರುಕಟ್ಟೆ ಕೂಗಳತೆಯಲ್ಲಿದೆ. ತರಕಾರಿ ಚೀಲ ಹಿಡಿದವರು ಚಪ್ಪಲಿ ಬಿಟ್ಟು, ಮೇಣದ ಬತ್ತಿ ಹಚ್ಚಿ, ಒಂದು ಕ್ಷಣ ನಿಂತು ಮತ್ತೆ ಸಂತೆಯೊಳಗೆ ಕರಗುತ್ತಾರೆ. ಇಲ್ಲಿ ಮಾತೆಗೆ ಸೀರೆ ಉಡಿಸುತ್ತಾರೆ. ನಾನು ಹೋದ ಸಂಜೆ ಹೆಂಗಸೊಬ್ಬರು ಮಲ್ಲಿಗೆ ಮಾಲೆಯನ್ನು ಒಪ್ಪಿಸಿ, ಸೆರಗು ತಲೆಯ ಮೇಲೆ ಹೊದ್ದು, ತುಟಿ ಅಲುಗಿಸುತ್ತಾ ಬಹಳ ಹೊತ್ತು ನಿಂತಿದ್ದರು. ಆಗಸ್ಟ್ 29ರಂದು ಧ್ವಜ ಏರಿದರೆ ಒಂಬತ್ತು ದಿನ ನೊವೇನಾ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ತೇರು. ಹರಕೆ ಹೊತ್ತವರು ಆ ದಿನಗಳಲ್ಲಿ ಕಾವಿ ಬಣ್ಣದ ಬಟ್ಟೆ ತೊಡುತ್ತಾರೆ.

ಕಟ್ಟಡವನ್ನು ಅಭ್ಯಾಸ ಮಾಡಲು ಹೋಗುವವರು ಆ ಹಬ್ಬದ ದಿನಗಳನ್ನು ಬಿಟ್ಟು ಹೋಗಿ. ಬಣ್ಣದ ಗಾಜಿನ ಕಿಟಕಿಗಳನ್ನು ಹಗಲಲ್ಲಿ, ಒಳಗಿನಿಂದಲೇ ನೋಡಿ. ಹೊರಗಿನಿಂದ ಅವು ಮಂಕಾಗಿ ಕಾಣುತ್ತವೆ.