ಬಿಸಿಲು ಕುಡಿದ ಅಂಚೆ ಗುಮಾಸ್ತ: ಲ್ಯಾಂಪ್‌ಮನ್ ಬಗ್ಗೆ ನನ್ನ ಟಿಪ್ಪಣಿ

ಕೆನಡಾ ಸಾಹಿತ್ಯದ ಪೇಪರಿನಲ್ಲಿ ನನಗೆ ತುಂಬಾ ಸುಲಭ ಅನ್ನಿಸಿದ್ದ ಕವಿ ಆರ್ಚಿಬಾಲ್ಡ್ ಲ್ಯಾಂಪ್‌ಮನ್. ನಿಸರ್ಗ ಕವಿ, ಮೂವತ್ತೇಳಕ್ಕೇ ತೀರಿಕೊಂಡ, ಮುಗೀತು ಅಂದುಕೊಂಡಿದ್ದೆ. ಆಮೇಲೆ 'ಹೀಟ್' ಕವಿತೆಯ ಒಂದೇ ಒಂದು ಕ್ರಿಯಾಪದ ನನ್ನನ್ನು ಎರಡು ದಿನ ಸತಾಯಿಸಿತು. ಅದು ಬಿಡಿಸಿಕೊಂಡದ್ದು ನಿನ್ನೆ ರಾತ್ರಿ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಬದುಕು, ಬೇಗ ಬೇಗ

1861ರ ನವೆಂಬರ್ 17ರಂದು ಆಂಟೇರಿಯೊದ ಮಾರ್ಪೆತ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ಅಪ್ಪ ಆಂಗ್ಲಿಕನ್ ಪಾದ್ರಿ. 1867ರಲ್ಲಿ ಮನೆಯವರು ರೈಸ್ ಲೇಕ್ ದಡದ ಗೋರ್ಸ್ ಲ್ಯಾಂಡಿಂಗ್‌ಗೆ ಹೋದರು. ಮರುವರ್ಷ ಹುಡುಗನಿಗೆ ರುಮ್ಯಾಟಿಕ್ ಜ್ವರ ಬಂತು. ಕೆಲವು ವರ್ಷ ಕುಂಟುತ್ತಾ ನಡೆದ. ಕಾಲು ಸರಿಹೋಯಿತು, ಹೃದಯ ಸರಿಹೋಗಲಿಲ್ಲ. 1899ರ ಸಾವಿಗೆ ಕಾರಣ ಬರೆಯಿರಿ ಅಂದರೆ ಈ ಜ್ವರದಿಂದಲೇ ಶುರು ಮಾಡಿ.

ಟೊರಾಂಟೊದ ಟ್ರಿನಿಟಿ ಕಾಲೇಜಿನಲ್ಲಿ 1882ರಲ್ಲಿ ಪದವಿ. ಆರೆಂಜ್‌ವಿಲ್‌ನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ಕೆಲವೇ ತಿಂಗಳು. ಮಕ್ಕಳನ್ನು ಹದ್ದುಬಸ್ತಿನಲ್ಲಿಡುವುದು ಆಗಲೇ ಇಲ್ಲ. 1883ರ ಜನವರಿಯಲ್ಲಿ ಒಟ್ಟಾವಾದ ಅಂಚೆ ಇಲಾಖೆಯಲ್ಲಿ ಗುಮಾಸ್ತನಾದ. ಕಾಲೇಜಿನ ಗೆಳೆಯನೊಬ್ಬನ ಅಪ್ಪ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದರು, ಅವರ ಕಡೆಯಿಂದ ಸಿಕ್ಕ ಕೆಲಸ. ಸಾಯುವವರೆಗೂ ಅದೇ ಇಲಾಖೆ. ಸಂಬಳ ಕಡಿಮೆ, ಬಡ್ತಿಯೂ ಅಷ್ಟಕ್ಕಷ್ಟೆ. ಆದರೆ ಕಚೇರಿ ಬಿಟ್ಟರೆ ನಡೆದು ಹೋಗುವಷ್ಟು ದೂರದಲ್ಲೇ ಹೊಲ, ನದಿ, ಕಾಡು. ಅವನ ಕವಿತೆಗಳಲ್ಲಿ ನಡೆಯುವವನು, ನಿಂತು ನೋಡುವವನು ಇಷ್ಟು ಜಾಸ್ತಿ ಇರುವುದು ಇದಕ್ಕೇ ಅನ್ನುವುದು ನನ್ನ ಊಹೆ.

1887ರಲ್ಲಿ ಮಾಡ್ ಪ್ಲೇಟರ್ ಜೊತೆ ಮದುವೆ. 1894ರಲ್ಲಿ ಹುಟ್ಟಿದ ಗಂಡು ಮಗು ಕೆಲವೇ ತಿಂಗಳಲ್ಲಿ ತೀರಿಕೊಂಡಿತು. ಅದೇ ಇಲಾಖೆಯ ಕ್ಯಾಥರೀನ್ ವಾಡೆಲ್ ಎಂಬಾಕೆಯ ಮೇಲೆ ಅವನಿಗಿದ್ದ ಪ್ರೀತಿ ಕೆಲವು ಹದಿನಾಲ್ಕು ಸಾಲಿನ ಕವಿತೆಗಳಲ್ಲಿ, ಅಂದರೆ ಸಾನೆಟ್‌ಗಳಲ್ಲಿ ಕಾಣುತ್ತದೆ. 1899ರ ಫೆಬ್ರವರಿ 10ರಂದು ಸತ್ತ.

ಇಸವಿಗೆ ನನ್ನ ಉಪಾಯ

ಜೋಡಿ ಅಂಕಿ ನೆನಪಿಡಿ: 88, 99. ಮೊದಲ ಪುಸ್ತಕ 1888. ಕೊನೆಯ ಪುಸ್ತಕ 1899, ಸಾವೂ 1899. ಪುಸ್ತಕವಿದ್ದ ಕವಿಯಾಗಿ ಅವನು ಬದುಕಿದ್ದು ಈ ಹನ್ನೊಂದು ವರ್ಷ ಮಾತ್ರ. 88ರಿಂದ ಒಂದು ಹಿಂದೆ ಹೋದರೆ ಮದುವೆ. ಐದು ಹಿಂದೆ ಹೋದರೆ ಕೆಲಸ. 99ರಿಂದ ನಾಲ್ಕು ಹಿಂದೆ ಹೋದರೆ ನಡುವಿನ ಪುಸ್ತಕ, 1895. ನನ್ನ ಜೊತೆ ಓದುವವಳು ಇದನ್ನು ಕೇಳಿ ನಕ್ಕಳು. ಆದರೆ ಕಿರುಪರೀಕ್ಷೆಯಲ್ಲಿ ಇಸವಿ ತಪ್ಪಿದ್ದು ಅವಳದೇ!

ಪುಸ್ತಕಗಳು ಇವು. 'ಅಮಾಂಗ್ ದ ಮಿಲೆಟ್' 1888, ಒಟ್ಟಾವಾದಲ್ಲಿ ಅಚ್ಚಾದದ್ದು. ಹೆಸರಿನ ಕವಿತೆಯಲ್ಲಿ ಅವನು ಬೆಳಗಿನ ಹೊತ್ತು ಕಿರುಧಾನ್ಯದ ಹೊಲದಲ್ಲಿ ಮೋಡ ನೋಡುತ್ತಾ ಇರುತ್ತಾನೆ. ಅಮೆರಿಕದ ಹೆಸರಾಂತ ಲೇಖಕ ವಿಲಿಯಂ ಡೀನ್ ಹಾವೆಲ್ಸ್ ಈ ಪುಸ್ತಕವನ್ನು ಹೊಗಳಿ ಬರೆದ. 'ಲಿರಿಕ್ಸ್ ಆಫ್ ಅರ್ತ್' ಬಾಸ್ಟನ್ನಿನಲ್ಲಿ ಬಂತು. ಪುಸ್ತಕದ ಮೇಲೆ 1895 ಅಂತಿದೆ, ಓದುಗರ ಕೈಗೆ ಸಿಕ್ಕಿದ್ದು 1896ರಲ್ಲಿ. ಎರಡು ಇಸವಿ ಕಂಡರೆ ಗಾಬರಿ ಬೇಡ. ಮೂರನೆಯದು 'ಆಲ್ಸಯನಿ'. ಅದು ಅಚ್ಚಿನಲ್ಲಿದ್ದಾಗಲೇ ಅವನು ಸತ್ತ. ಅವನ ಗೆಳೆಯ, ಕವಿ ಡಂಕನ್ ಕ್ಯಾಂಬೆಲ್ ಸ್ಕಾಟ್ ಹನ್ನೆರಡೇ ಪ್ರತಿ ಮುದ್ರಿಸಿ ನಿಲ್ಲಿಸಿದ. 1900ರಲ್ಲಿ ಎಲ್ಲ ಸೇರಿಸಿ ದೊಡ್ಡ ಸ್ಮಾರಕ ಆವೃತ್ತಿ ತಂದ. ಅದರ ಹಣ ಲ್ಯಾಂಪ್‌ಮನ್‌ನ ಮನೆಯವರಿಗೆ ಆಸರೆಯಾಗಲಿ ಎಂಬ ಉದ್ದೇಶವಿತ್ತು.

'ಕಾನ್ಫೆಡರೇಶನ್ ಕವಿಗಳು' ಅಂದರೆ ಏನಲ್ಲ

ಲ್ಯಾಂಪ್‌ಮನ್ ಮತ್ತು ಅವನ ಓರಗೆಯ ಕವಿಗಳನ್ನು ಈ ಹೆಸರಿನಿಂದ ಕರೆಯುತ್ತಾರೆ. ಕೆನಡಾ ಒಕ್ಕೂಟವಾದದ್ದು 1867ರಲ್ಲಿ. ಇವರು ಆ ಒಕ್ಕೂಟದ ಬಗ್ಗೆ ಹಾಡಿದವರು ಅಂತ ನಾನು ಮೊದಲು ಬರೆದುಕೊಂಡಿದ್ದೆ. ತಪ್ಪು. ಆಗ ಲ್ಯಾಂಪ್‌ಮನ್‌ಗೆ ಐದು ವರ್ಷ! ಒಕ್ಕೂಟದ ಆಸುಪಾಸಿನಲ್ಲಿ ಹುಟ್ಟಿ, ಹೊಸ ದೇಶದಲ್ಲಿ ಬೆಳೆದವರು ಅಂತಷ್ಟೇ ಅರ್ಥ. ಹೆಸರು ಗಟ್ಟಿಯಾದದ್ದೂ ಬಹಳ ತಡವಾಗಿ. ಅವರು ಸೇರಿ ಕಟ್ಟಿದ ಸಂಘ ಅಲ್ಲ ಇದು.

ಒಬ್ಬರಿಗೊಬ್ಬರು ಕಿಚ್ಚು ಹಚ್ಚಿದ್ದಂತೂ ನಿಜ. ಚಾರ್ಲ್ಸ್ ಜಿ. ಡಿ. ರಾಬರ್ಟ್ಸ್‌ನ 'ಓರಿಯನ್' ಸಂಕಲನ 1880ರಲ್ಲಿ ಬಂತು. ಕಾಲೇಜು ಹುಡುಗ ಲ್ಯಾಂಪ್‌ಮನ್ ಅದನ್ನು ರಾತ್ರಿಯೆಲ್ಲ ಮತ್ತೆ ಮತ್ತೆ ಓದಿದ. ನಮ್ಮಂಥ ಒಬ್ಬ ಕೆನಡಾ ಹುಡುಗನೂ ಹೀಗೆ ಬರೆಯಬಹುದಾ ಅನ್ನುವ ಬೆರಗು. ಹತ್ತು ವರ್ಷದ ನಂತರ ಒಂದು ಭಾಷಣದಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ.

ಹೆಸರುಗಳ ಗೋಜಲು ಬೇರೆ. 1892ರಿಂದ 1893ರವರೆಗೆ ಟೊರಾಂಟೊದ 'ಗ್ಲೋಬ್' ಪತ್ರಿಕೆಯಲ್ಲಿ 'ಅಟ್ ದ ಮರ್ಮೇಡ್ ಇನ್' ಅಂಕಣ ಬರೆದವರು ಮೂವರು: ಲ್ಯಾಂಪ್‌ಮನ್, ವಿಲಿಯಂ ವಿಲ್ಫ್ರೆಡ್ ಕ್ಯಾಂಬೆಲ್, ಡಂಕನ್ ಕ್ಯಾಂಬೆಲ್ ಸ್ಕಾಟ್. ಕ್ಯಾಂಬೆಲ್ ಕೊನೆಯಲ್ಲಿದ್ದರೆ ಒಬ್ಬ, ನಡುವಿನಲ್ಲಿದ್ದರೆ ಇನ್ನೊಬ್ಬ. ಕೆಲಸ ಕೊಡಿಸಿದ ಪೋಸ್ಟ್‌ಮಾಸ್ಟರ್ ಜನರಲ್ ಹೆಸರೂ ಅಲೆಕ್ಸಾಂಡರ್ ಕ್ಯಾಂಬೆಲ್. ಸಾಕಲ್ವಾ! ನಡುವಿನ ಕ್ಯಾಂಬೆಲ್, ಅಂದರೆ ಸ್ಕಾಟ್, ಒಳ್ಳೆಯ ಗೆಳೆಯ, ಒಳ್ಳೆಯ ಸಂಪಾದಕ. ಮುಂದೆ ಮೂಲನಿವಾಸಿಗಳ ಇಲಾಖೆಯ ಮುಖ್ಯಾಧಿಕಾರಿಯಾಗಿ, ಅವರ ಮಕ್ಕಳನ್ನು ವಸತಿ ಶಾಲೆಗೆ ಬಲವಂತವಾಗಿ ಕಳಿಸುವ ಕಾನೂನಿನ ಹಿಂದೆ ನಿಂತವನೂ ಇವನೇ. ಇದನ್ನು ಬಿಟ್ಟು ಬರೀ 'ಗೆಳೆಯ' ಅಂತ ಬರೆಯಲು ನನಗೆ ಮನಸ್ಸಾಗುವುದಿಲ್ಲ.

'ಹೀಟ್': ನಾನು ಎಡವಿದ ಜಾಗ

ಆರು ಪದ್ಯ, ಪದ್ಯಕ್ಕೆ ಎಂಟು ಸಾಲು. ನಾಲ್ಕು ನಾಲ್ಕು ಸಾಲಿಗೆ ಒಂದು ಬಿಟ್ಟು ಒಂದು ಪ್ರಾಸ. ಎಂಟನೆಯ ಸಾಲು ಮಾತ್ರ ಚಿಕ್ಕದು, ಉಸಿರು ಬಿಟ್ಟ ಹಾಗೆ. ಇದನ್ನು ಜೋರಾಗಿ ಓದಿ ನೋಡಿ, ತಾನಾಗಿ ಗೊತ್ತಾಗುತ್ತದೆ.

ಮೊದಲ ಐದು ಪದ್ಯದಲ್ಲಿ ನಡೆಯುವುದು ಹೆಚ್ಚೇನೂ ಇಲ್ಲ. ಬಿಳಿ ಬರಡು ರಸ್ತೆ. ದಿಬ್ಬ ಹತ್ತುತ್ತಿರುವ ಹುಲ್ಲಿನ ಗಾಡಿ. ಪಕ್ಕದಲ್ಲಿ ಮೊಣಕಾಲುದ್ದ ಧೂಳಿನಲ್ಲಿ ಕಾಲೆಳೆಯುವ ಗಾಡಿಯವನು. ಇಡೀ ನೆಲದಲ್ಲಿ ಅಲುಗುವುದು ಆ ಗಾಡಿ ಒಂದೇ ಅನ್ನಿಸುತ್ತದೆ. ಸೇತುವೆಯ ತಂಪಿಗೆ ಸರಿದ ನೀರುಹುಳ. ಎಲ್ಮ್ ಮರದ ನೆರಳಲ್ಲಿ ಮೆಲುಕು ಹಾಕುವ ಹಸು. ಒಂದು ಹಕ್ಕಿಯ ಸಣ್ಣ ರಾಗ. ಮಿಡತೆಗಳ ಎಣಿಸಲಾಗದ ಸದ್ದು.

ಈಗ ಆರನೆಯ ಪದ್ಯ. ಟೊಪ್ಪಿಯ ಓರೆ ನೆರಳಲ್ಲಿ ಒರಗಿ, ಇದನ್ನೆಲ್ಲ ನೋಡುತ್ತಿರುವ ಕವಿ ಬಿಸಿಲನ್ನು 'ಡ್ರೇನ್' ಮಾಡುತ್ತಾನೆ. ನಾನು ಮುಗ್ಗರಿಸಿದ್ದು ಇಲ್ಲಿ. ನಮ್ಮ ಮಾತಿನಲ್ಲಿ 'ಡ್ರೇನ್ ಆದೆ' ಅಂದರೆ ಸುಸ್ತಾದೆ ಅಂತ. ಹಾಗಾಗಿ ಬಿಸಿಲು ಅವನ ಶಕ್ತಿ ಹೀರಿತು, ಕಚೇರಿಯ ದುಡಿಮೆಯಲ್ಲಿ ಬಸವಳಿದ ಬಡಪಾಯಿ ಕುಸಿದು ಕೂತಿದ್ದಾನೆ ಅಂತ ಓದಿದೆ. ಅದರ ಮೇಲೆ ಒಂದು ಪುಟ ಉತ್ತರವನ್ನೂ ಬರೆದೆ. ಆದರೆ ಕೊನೆಯ ಸಾಲು ಕೂರಲೇ ಇಲ್ಲ. ಈ ಹೊತ್ತಿನ ಪೂರ್ತಿ ಕುಲುಮೆಯಲ್ಲಿ ನನ್ನ ಯೋಚನೆಗಳು ಚೂಪಾದವು, ತಿಳಿಯಾದವು ಅಂತಿದೆ. ಸುಸ್ತಾದವನ ತಲೆ ಚೂಪಾಗುತ್ತದಾ? ವ್ಯಂಗ್ಯ ಇರಬೇಕು ಅಂತ ಸುಮ್ನೆ ತೇಪೆ ಹಾಕಿದೆ. ತೇಪೆ ನಿಲ್ಲಲಿಲ್ಲ.

ವಾಕ್ಯದ ಕರ್ತೃ ಯಾರು ಅಂತ ಕೇಳಿಕೊಂಡಾಗ ಗಂಟು ಸಡಿಲವಾಯಿತು. ಬಿಸಿಲು ಅವನನ್ನು ಡ್ರೇನ್ ಮಾಡುತ್ತಿಲ್ಲ. ಅವನು ಬಿಸಿಲನ್ನು ಮಾಡುತ್ತಿದ್ದಾನೆ. ಲೋಟ ಎತ್ತಿ ಕೊನೆಯ ಹನಿವರೆಗೂ ಕುಡಿಯುವುದಕ್ಕೂ ಅದೇ ಪದ. ಬಸಿದು ಕುಡಿಯುವುದು. ಅಷ್ಟೇ! ಕರ್ತೃ ಮತ್ತು ಕರ್ಮ ಅದಲುಬದಲಾಗಿದ್ದಕ್ಕೆ ನನ್ನ ಇಡೀ ಉತ್ತರ ತಲೆಕೆಳಗಾಗಿತ್ತು.

ಹೀಗೆ ಓದಿದರೆ ಹಿಂದಿನ ಐದು ಪದ್ಯವೂ ಬದಲಾಗುತ್ತದೆ. ಹೂಗಳನ್ನು ಒಂದೊಂದಾಗಿ ಎಣಿಸುವುದು ಹೊತ್ತು ಕಳೆಯಲು ಅಲ್ಲ, ಗುಟುಕು ಗುಟುಕಾಗಿ ಕುಡಿಯುತ್ತಿದ್ದಾನೆ. ಹಸು ಬಿಸಿಲು ಇಳಿಯಲಿ ಅಂತ ಕಾಯುತ್ತದೆ, ಹುಳ ತಂಪಿಗೆ ಓಡುತ್ತದೆ. ಅವನೊಬ್ಬ ಮಾತ್ರ ಕಾಯುವುದೂ ಇಲ್ಲ, ಓಡುವುದೂ ಇಲ್ಲ. ಆರನೆಯ ಪದ್ಯದ ಶುರುವಿನಲ್ಲಿ 'ಆದರೂ' ಎಂಬ ಅರ್ಥದ ಪದ ಇರುವುದು ಇದಕ್ಕೇ. ಆ 'ಆದರೂ' ಕೆಳಗೆ ಎರಡು ಗೆರೆ ಎಳೆಯಿರಿ.

ನಿಸರ್ಗ ಕವಿ ಅಂತ ನಿಲ್ಲಿಸಬೇಡಿ

'ದ ಸಿಟಿ ಆಫ್ ದ ಎಂಡ್ ಆಫ್ ಥಿಂಗ್ಸ್' ಓದಿ. ಕಬ್ಬಿಣ, ಬೆಂಕಿ, ನಿಲ್ಲದ ಯಂತ್ರದ ಸದ್ದು. ಕಟ್ಟಿದವರು ಸತ್ತುಹೋದ ಊರಿನ ಬಾಗಿಲಲ್ಲಿ ಕೊನೆಗೆ ಉಳಿಯುವುದು ಒಬ್ಬ ಬುದ್ಧಿಗೇಡಿ. 1890ರ ದಶಕದಲ್ಲೇ ಇದನ್ನು ಬರೆದ. ಹಣವಂತರ ಮೇಲೂ ಅವನಿಗೆ ಕೋಪವಿತ್ತು, 'ಟು ಎ ಮಿಲಿಯನೇರ್' ಅದಕ್ಕೆ ಸಾಕ್ಷಿ. 'ಅಟ್ ದ ಲಾಂಗ್ ಸೂ' 1660ರ ಒಂದು ಕಾಳಗದ ಕವಿತೆ. ಕೊನೆಯ ದಿನಗಳಲ್ಲಿ ಬರೆದದ್ದು, ಅಚ್ಚಾದದ್ದು 1943ರಲ್ಲಿ.

ಎರಡು ನವೆಂಬರ್

'ಇನ್ ನವೆಂಬರ್' ಹೆಸರಿನ ಕವಿತೆ ಎರಡಿವೆ. ಇದು ಗೊತ್ತಿಲ್ಲದೆ ಒಂದರ ಸಾರಾಂಶಕ್ಕೆ ಇನ್ನೊಂದರ ಸಾಲು ಸೇರಿಸಿದವರು ನಮ್ಮಲ್ಲಿ ಇಬ್ಬರು. ಒಬ್ಬ ನಾನು. ಸುರಿವ ಹಿಮ, ಮನೆಗೆ ಮರಳುವ ಕಟ್ಟಿಗೆ ಗಾಡಿ, ಬಿಳಿಯಾಗುತ್ತಿರುವ ಹೊಲದಲ್ಲಿ ಕಪ್ಪು ಗೆರೆ ಎಳೆಯುವ ಕೊನೆಯ ಉಳುವವ ಕಂಡರೆ ಅದು ಸಾನೆಟ್, ಹದಿನಾಲ್ಕು ಸಾಲು. ಕಾಡಿನ ಬಯಲಲ್ಲಿ ಒಣಗಿ ನಿಂತ ಮಲ್ಲೀನ್ ಗಿಡಗಳು, ಪ್ರಾರ್ಥನೆ ಮಾಡುತ್ತಲೇ ಸತ್ತ ಸನ್ಯಾಸಿಗಳ ಹಾಗೆ ಕಂಡರೆ ಅದು ಉದ್ದದ್ದು, 'ಲಿರಿಕ್ಸ್ ಆಫ್ ಅರ್ತ್'ನಲ್ಲಿರುವುದು.

ಗಿಡ ಮತ್ತು ಗಾಡಿ, ಇಷ್ಟು ನೆನಪಿದ್ದರೆ ಸಾಕು. ಆದರೆ ಎರಡರ ಕೊನೆಯನ್ನೂ ಒಟ್ಟಿಗಿಟ್ಟು ನೋಡಿ. ಸಾನೆಟ್ಟಿನಲ್ಲಿ ಹನ್ನೆರಡನೆಯ ಸಾಲಿನ ತುದಿಯಲ್ಲಿ 'ನಾನೊಬ್ಬ' ಬರುತ್ತಾನೆ, ದುಃಖವಿಲ್ಲದೆ, ಯೋಚನೆಯನ್ನು ಸುತ್ತಿಕೊಂಡು. ಉದ್ದದ ಕವಿತೆಯಲ್ಲಿ ಎಳೆಬಿಸಿಲು ಕಾಲಿಗೆ ತಾಗಿದಾಗ ಚಳಿಗೂ ಬಿಸಿಗೂ ನಡುವೆ ನಡುಗುತ್ತಾ, ಯೋಚನೆಗಳನ್ನು ಮೇಲಂಗಿಯ ಹಾಗೆ ಮೈಗೆಳೆದುಕೊಳ್ಳುತ್ತಾನೆ. 'ಹೀಟ್'ನಲ್ಲಿ ಬಿಸಿಲು ಕುಡಿದವನೇ ಇವನು.