ಟಾಂಕಿಯ ಲೆಕ್ಕದಲ್ಲಿ ಸೊನ್ನೆ ತಪ್ಪುವುದೆಲ್ಲಿ?

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ತೋಟಗಳಿಗೆ ಹನಿ ನೀರಾವರಿಯ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಟೇಪು ಹಿಡಿದು ಅಳೆಯುವಾಗ ತಪ್ಪುವವರು ಕಡಿಮೆ. ಅಳೆದದ್ದನ್ನು ಬೇರೆ ಮಾನಕ್ಕೆ ಬದಲಿಸುವಾಗಲೇ ಎಡವಟ್ಟು. ಮೀಟರಿಗೆ 100 ಸೆಂಟಿಮೀಟರ್ ಎಂಬುದು ಎಲ್ಲರಿಗೂ ಬಾಯಿಪಾಠ. ಅದೇ ನೂರನ್ನು ಹಿಡಿದುಕೊಂಡು ವಿಸ್ತೀರ್ಣಕ್ಕೂ ಗಾತ್ರಕ್ಕೂ ಹೋಗುತ್ತಾರೆ.

ಟಾಂಕಿಯೊಂದು 300 ಸೆಂ.ಮೀ. ಉದ್ದ, 200 ಅಗಲ, 150 ಆಳ ಇದೆಯೆನ್ನಿ. ಗುಣಿಸಿದರೆ 90 ಲಕ್ಷ, ಅಂದರೆ 9 × 10⁶ ಘನ ಸೆಂಟಿಮೀಟರ್. ಇದನ್ನು ನೂರರಿಂದ ಭಾಗಿಸಿ 90,000 ಘನ ಮೀಟರ್ ಎಂದು ಬರೆದುಬಿಡುವವರಿದ್ದಾರೆ. ಒಂದು ಸೆಂಟಿಮೀಟರ್ 10⁻² ಮೀಟರ್ ತಾನೇ? ಉದ್ದ, ಅಗಲ, ಆಳ ಮೂರರ ಬೆನ್ನಿಗೂ ಆ ಘಾತಾಂಕ (ಹತ್ತರ ತಲೆಯ ಮೇಲಿನ ⁻²) ಇದೆ. ಕೂಡಿಸಿದರೆ ಘನಕ್ಕೆ 10⁻⁶, ಚದರಕ್ಕಾದರೆ 10⁻⁴. ಹಾಗಾಗಿ ಟಾಂಕಿ ಹಿಡಿಯುವುದು ಬರೀ 9 ಘನ ಮೀಟರ್, 9,000 ಲೀಟರ್.

ಉತ್ತರದ ಮೇಲೆ ಅನುಮಾನ ಬಂದರೆ ನಾನು ಮಳೆಯ ಪಕ್ಕಕ್ಕಿಟ್ಟು ನೋಡುತ್ತೇನೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅಂದರೆ 3.5 ಮೀಟರ್. ಹೆಕ್ಟೇರಿಗೆ 10⁴ ಚದರ ಮೀಟರ್. ಒಂದು ಹೆಕ್ಟೇರಿನ ಮೇಲೆ ಬೀಳುವುದು 3.5 × 10⁴ ಘನ ಮೀಟರ್. ಘನ ಮೀಟರಿಗೆ 10³ ಲೀಟರ್, ಒಟ್ಟು 3.5 × 10⁷, ಮೂರೂವರೆ ಕೋಟಿ ಲೀಟರ್. ಮೇಲಿನ 90,000 ನಿಜವಾದರೆ ಎರಡೂವರೆ ಹೆಕ್ಟೇರಿನ ಇಡೀ ವರ್ಷದ ಮಳೆ ಆ ಪುಟ್ಟ ಟಾಂಕಿಯೊಳಗೆ ಕೂರಬೇಕು! (ಇಷ್ಟು ಮಳೆ ಸುರಿದೂ ಮಾರ್ಚಿಗೆ ತೋಟ ಬಾಯಾರುತ್ತದೆ. ಅದು ಘಾತಾಂಕದ ತಪ್ಪಲ್ಲ, ಇಳಿಜಾರು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ.)

ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರಿಗೆ ಬಂದಾಗ ಹತ್ತರ ಆಟ ಅರ್ಧಕ್ಕೆ ನಿಲ್ಲುತ್ತದೆ. ನಿಮಿಷಕ್ಕೆ 5 ಲೀಟರ್ ಬಂದರೆ ದಿನಕ್ಕೆಷ್ಟು? ದಿನಕ್ಕೆ 1,440 ನಿಮಿಷ, ಇಲ್ಲಿ ಗುಣಿಸದೆ ಗತಿಯಿಲ್ಲ: 7,200 ಲೀಟರ್. ಮರಕ್ಕೆ ದಿನಕ್ಕೆ 20 ಲೀಟರಿನಂತೆ ಹನಿಸಿದರೆ 360 ಮರಗಳಿಗಾಯಿತು. ಕಿರಿದೆಂದು ಕಂಡ ಧಾರೆಯಲ್ಲೂ ಇಷ್ಟಿದೆ. ಸೆಂಟ್ಸ್ ಕೂಡ ಹೀಗೆಯೇ ಹತ್ತರ ಮಾತು ಕೇಳದ್ದು. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ದೇಶಕ್ಕೆ ಮೆಟ್ರಿಕ್ ಕಾನೂನೂ ಬಂತು, ಆದರೂ ಜಾಗದ ಮಾತು ಬಂದರೆ ನಮಗಿಂದಿಗೂ ಸೆಂಟ್ಸೇ. ಒಂದು ಸೆಂಟ್ಸಿಗೆ 40.47 ಚದರ ಮೀಟರ್. ಮೊದಲು ಅದನ್ನು ಚದರ ಮೀಟರಿಗೆ ತಂದುಕೊಳ್ಳಿ, ಘಾತಾಂಕಕ್ಕೆ ಆಮೇಲೆ ಕೈಹಾಕಿ.

ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣದ ಲೆಕ್ಕ ಸುಲಭ. 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣವೂ ಅಷ್ಟೇ. 10³ ಗ್ರಾಮನ್ನು 10² ಲೀಟರಿಗೆ ಹಂಚಿದರೆ ಲೀಟರಿಗೆ 10 ಗ್ರಾಂ. ಕಾಳುಮೆಣಸಿನ ಬಳ್ಳಿಗೆ ಬಿಡಲು 16 ಲೀಟರಿನ ಪಂಪು ತುಂಬುವಷ್ಟೇ ಬೇಕಿದ್ದರೆ ಎರಡೂ ತಲಾ 160 ಗ್ರಾಂ ಸಾಕು.